ನೀರು ಕುಡಿಯುವ ‘ಎಣ್ಣೆ’

1990ರ ದಶಕದ ಒಂದು ಸೆಪ್ಟೆಂಬರ್ ತಿಂಗಳು. ಮಳೆ ಆಗಷ್ಟೇ ಹಿಂದೆ ಸರಿದಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಬಾಡಿಗೆಯ ಅಂಬಾಸಿಡರ್ ಕಾರಿನಲ್ಲಿ ನಾವು ಐದು ಮಂದಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಅರ್ಧ ದಾರಿಯಲ್ಲಿ, ರಸ್ತೆಯ ಬದಿಗೇ ಧುಮುಕುತ್ತಿದ್ದ ಜಲಪಾತವೊಂದನ್ನು ಕಂಡು ಮಕ್ಕಳು ಹಟ ಹಿಡಿದರು. ಐದು ನಿಮಿಷ ನಿಂತೆವು. ಮತ್ತೆ ಹೊರಟು ಮೊದಲ ತಿರುವು ಬರುವಷ್ಟರಲ್ಲಿ ಚಾಲಕನ ಮುಖ ಬಿಳುಚಿಕೊಂಡಿತು. “ಸಾರ್, ಎಲ್ರೂ ಗಟ್ಟಿಯಾಗಿ ಹಿಡ್ಕೊಳ್ಳಿ, ಬ್ರೇಕ್ ಹಿಡೀತಿಲ್ಲ” ಎಂದವನೇ ಗೇರನ್ನು ಒಂದಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ಗುಡ್ಡದ ಕಡೆಯ ಚರಂಡಿಗೆ ಇಳಿಸಿ ನಿಲ್ಲಿಸಿದ. ಮಡ್‌ಗಾರ್ಡ್ ನಜ್ಜುಗುಜ್ಜಾಯಿತು. ಯಾರಿಗೂ ಏನೂ ಆಗಲಿಲ್ಲ.

ವಿಚಿತ್ರ ನಡೆದದ್ದು ಆಮೇಲೆ. ಒಂದು ಗಂಟೆ ಕಳೆದು ಆತ ಪೆಡಲ್ ಒತ್ತಿ ನೋಡಿದಾಗ ಬ್ರೇಕ್ ಎಂದಿನಂತೆ ಗಟ್ಟಿಯಾಗಿತ್ತು! ಮರುದಿನ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿ ನೋಡಿದರು. ಸೋರಿಕೆ ಇಲ್ಲ, ಲೈನಿಂಗ್ ಸವೆದಿಲ್ಲ. “ಬ್ರೇಕಿಗೇನೂ ಆಗಿಲ್ಲ” ಎಂದರು ಮೆಕ್ಯಾನಿಕ್. ಚಾಲಕ ತೂಕಡಿಸಿ ಕಾರನ್ನು ಚರಂಡಿಗೆ ಇಳಿಸಿ, ತಪ್ಪನ್ನು ಬ್ರೇಕಿನ ಮೇಲೆ ಹೊರಿಸುತ್ತಿದ್ದಾನೆಂದು ಮಾಲೀಕರು ತೀರ್ಮಾನಿಸಿದರು. ಆತನನ್ನು ಕೆಲಸದಿಂದ ಬಿಡಿಸಿದ ಸುದ್ದಿ ಕೆಲವು ವಾರಗಳ ನಂತರ ತಿಳಿಯಿತು.

ಚಾಲಕ ಸುಳ್ಳು ಹೇಳಿರಲಿಲ್ಲ. ಮೆಕ್ಯಾನಿಕ್ಕೂ ಸುಳ್ಳು ಹೇಳಿರಲಿಲ್ಲ. ಘಟ್ಟದಲ್ಲಿ ಇಲ್ಲವಾದ ಬ್ರೇಕು ಊರಿಗೆ ಬಂದಾಗ ಸರಿಯಾಗಿರುವುದು ಹೇಗೆ? ಇದಕ್ಕೆ ಉತ್ತರ ನಾವೆಲ್ಲ ‘ಬ್ರೇಕ್ ಆಯಿಲ್’ ಎಂದು ಕರೆಯುವ ದ್ರವದಲ್ಲಿದೆ. ಆ ಹೆಸರೇ ಮೊದಲ ತಪ್ಪು. ಇಂದಿನ ಕಾರುಗಳಲ್ಲಿರುವ ಬ್ರೇಕ್ ದ್ರವ ಎಣ್ಣೆಯೇ ಅಲ್ಲ.

ಕಾಲಿನ ಬಲ, ದ್ರವದ ದಾರಿ

ಎರಡು ಇಂಜೆಕ್ಷನ್ ಸಿರಿಂಜುಗಳನ್ನು ಒಂದು ಸಣ್ಣ ನಳಿಕೆಯಿಂದ ಜೋಡಿಸಿ, ಒಳಗೆಲ್ಲ ನೀರು ತುಂಬಿ. ಒಂದರ ಕಡ್ಡಿಯನ್ನು ಒತ್ತಿದ ಕ್ಷಣವೇ ಇನ್ನೊಂದರ ಕಡ್ಡಿ ಹೊರಕ್ಕೆ ಬರುತ್ತದೆ. ಈಗ ನಳಿಕೆಯೊಳಗೆ ಗಾಳಿಯ ಒಂದು ಗುಳ್ಳೆ ಸೇರಿಸಿ ಒತ್ತಿ. ಕೈಗೆ ಸ್ಪಂಜು ಒತ್ತಿದ ಅನುಭವವಾಗುತ್ತದೆ. ಆಚೆಯ ಕಡ್ಡಿ ಅರೆಮನಸ್ಸಿನಿಂದ ಅಲುಗಾಡುತ್ತದೆ. ದ್ರವವನ್ನು ಒತ್ತಿ ಕುಗ್ಗಿಸುವುದು ಬಹುಮಟ್ಟಿಗೆ ಅಸಾಧ್ಯ, ಅನಿಲವನ್ನು ಕುಗ್ಗಿಸುವುದು ಸುಲಭ. ಕಾರಿನ ಬ್ರೇಕು ನಿಂತಿರುವುದೂ, ಕೆಡುವುದೂ ಈ ಒಂದು ವ್ಯತ್ಯಾಸದ ಮೇಲೆ.

ಮುಚ್ಚಿದ ಪಾತ್ರೆಯ ದ್ರವವನ್ನು ಎಲ್ಲೇ ಒತ್ತಿದರೂ ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು ವಿವರಿಸಿದವನು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್. ಆತ 1662ರಲ್ಲಿ ತೀರಿಕೊಂಡ. ದ್ರವಗಳ ಬಗೆಗಿನ ಅವನ ಪ್ರಬಂಧ ಅಚ್ಚಾದದ್ದು ಮರುವರ್ಷ. ಕಾರಿನಲ್ಲಿ ಈ ತತ್ತ್ವ ಕೆಲಸ ಮಾಡುವ ಬಗೆಯನ್ನು ಒಂದು ಲೆಕ್ಕದಿಂದ ನೋಡೋಣ. ನಿಮ್ಮ ಕಾಲು ಪೆಡಲನ್ನು 20 ಕಿಲೋ ಬಲದಿಂದ ಒತ್ತಿತು ಎನ್ನಿ. ಪೆಡಲ್ ಒಂದು ಸನ್ನೆಕೋಲು. ಅದು ಬಲವನ್ನು ನಾಲ್ಕು ಪಟ್ಟು ಮಾಡಿದರೆ 80 ಕಿಲೋ. ಮಾಸ್ಟರ್ ಸಿಲಿಂಡರಿನ ಬಾಯಿ 4 ಚದರ ಸೆಂಟಿಮೀಟರ್ ಇದ್ದರೆ ದ್ರವದ ಮೇಲಿನ ಒತ್ತಡ ಚದರ ಸೆಂಟಿಮೀಟರಿಗೆ 20 ಕಿಲೋ. ಚಕ್ರದ ಬಳಿಯ ಸಿಲಿಂಡರಿನ ಬಾಯಿ 8 ಚದರ ಸೆಂಟಿಮೀಟರ್ ಇದ್ದರೆ ಅಲ್ಲಿ 160 ಕಿಲೋ ಬಲ ಸಿಗುತ್ತದೆ. ನಾಲ್ಕೂ ಚಕ್ರಗಳಿಗೆ ಒತ್ತಡ ಏಕಕಾಲಕ್ಕೆ ತಲುಪುತ್ತದೆ. ಪುಕ್ಕಟೆಯಾಗಿ ಏನೂ ಬಂದಿಲ್ಲ. ಪೆಡಲ್ ಹೆಚ್ಚು ದೂರ ಚಲಿಸುತ್ತದೆ, ಬ್ರೇಕ್ ಶೂ ಕೂದಲೆಳೆಯಷ್ಟು ಚಲಿಸುತ್ತದೆ.

ಕಡ್ಡಿ ಹೋಗಿ ದ್ರವ ಬಂತು

ತತ್ತ್ವ ತಿಳಿದ ಮಾತ್ರಕ್ಕೆ ಯಂತ್ರ ಆಗುವುದಿಲ್ಲ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ದ್ರವದ ಒತ್ತಡದಿಂದ ನಡೆಯುವ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. ಅವನನ್ನು ಕಾಡಿದ ಸಮಸ್ಯೆ ಸೋರಿಕೆ. ಒತ್ತಡ ಹೆಚ್ಚಿದಂತೆ ಸಂದುಗಳಿಂದ ನೀರು ಚಿಮ್ಮುತ್ತಿತ್ತು. ಬಟ್ಟಲಿನ ಆಕಾರದ ತೊಗಲಿನ ವಾಷರ್ ಇದಕ್ಕೆ ಪರಿಹಾರವಾಯಿತು. ಒತ್ತಡ ಹೆಚ್ಚಿದಷ್ಟೂ ಬಟ್ಟಲಿನ ಅಂಚು ಹಿಗ್ಗಿ ಗೋಡೆಗೆ ಇನ್ನಷ್ಟು ಬಿಗಿಯಾಗಿ ಅಂಟುತ್ತದೆ. ಇದರ ಕೀರ್ತಿ ಬ್ರಾಮಾನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್‌ಲೀಗೆ ಸೇರಬೇಕೆನ್ನುತ್ತಾರೆ. ಸೀಮೆಎಣ್ಣೆಯ ಪಂಪ್ ಸ್ಟವ್ ಬಳಸಿದ ಹಿರಿಯರಿಗೆ ಈ ತೊಗಲಿನ ಬಟ್ಟಲು ಚೆನ್ನಾಗಿ ಗೊತ್ತು. ಅದು ಒಣಗಿದರೆ ಪಂಪು ಗಾಳಿ ಹಿಡಿಯುತ್ತಿರಲಿಲ್ಲ.

ಮೊದಲ ಮೋಟಾರು ಕಾರುಗಳಲ್ಲಿ ಈ ಜಾಣತನ ಇರಲಿಲ್ಲ. ಪೆಡಲಿನಿಂದ ಚಕ್ರಕ್ಕೆ ಕಬ್ಬಿಣದ ಕಡ್ಡಿಗಳು ಇಲ್ಲವೇ ತಂತಿಗಳು ಹೋಗುತ್ತಿದ್ದವು. ಒಂದು ಕಡ್ಡಿ ತುಸು ಸಡಿಲವಾದರೆ ಒಂದು ಚಕ್ರ ಮೊದಲು ಹಿಡಿದು ಕಾರು ಪಕ್ಕಕ್ಕೆ ಎಳೆಯುತ್ತಿತ್ತು. ಇದನ್ನು ಬದಲಿಸಿದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. ವಿಮಾನಗಳಿಂದ ಪ್ರಸಿದ್ಧವಾದ ಲಾಕ್‌ಹೀಡ್ ಹೆಸರಿನ ಹಿಂದಿರುವ ಇಬ್ಬರು ಸೋದರರಲ್ಲಿ ಒಬ್ಬ ಈತ. ದ್ರವದ ಬ್ರೇಕಿಗೆ 1917ರಲ್ಲಿ ಆತನಿಗೆ ಪೇಟೆಂಟ್ ದೊರೆಯಿತು. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿಗೆ ನಾಲ್ಕೂ ಚಕ್ರಗಳ ದ್ರವದ ಬ್ರೇಕು ಬಂತು. ಅದೇ ವರ್ಷ ಅಂಥ ಬ್ರೇಕಿದ್ದ ಡ್ಯೂಸೆನ್‌ಬರ್ಗ್ ಕಾರು ಫ್ರೆಂಚ್ ಗ್ರ್ಯಾನ್ ಪ್ರಿ ಪಂದ್ಯ ಗೆದ್ದಿತು. 1924ರಲ್ಲಿ ಕ್ರೈಸ್ಲರ್ ಕಂಪನಿ ತೊಗಲಿನ ಬಟ್ಟಲುಗಳ ಜಾಗದಲ್ಲಿ ರಬ್ಬರಿನ ಬಟ್ಟಲುಗಳನ್ನು ಹಾಕಿ, ಮಧ್ಯಮ ಬೆಲೆಯ ಕಾರಿಗೂ ಈ ಬ್ರೇಕನ್ನು ತಂದಿತು. ಹೆನ್ರಿ ಫೋರ್ಡ್ ಮಾತ್ರ ಉಕ್ಕಿನ ಕಡ್ಡಿಯನ್ನೇ ನಂಬಿ ಕೂತ. ಫೋರ್ಡ್ ಕಾರುಗಳಿಗೆ ದ್ರವದ ಬ್ರೇಕು ಬಂದದ್ದು 1939ರ ಮಾದರಿಯಲ್ಲಿ. ಕೊಳವೆಯೊಳಗಿನ ದ್ರವವನ್ನು ನಂಬಿ ಕಾರು ಓಡಿಸುವುದು ಆಗ ಅನೇಕರಿಗೆ ಹುಚ್ಚುಸಾಹಸವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಹರಳೆಣ್ಣೆಯ ಕಾಲ

ಹಾಗಾದರೆ ಕೊಳವೆಯಲ್ಲಿ ಯಾವ ದ್ರವ ತುಂಬಬೇಕು? ನೀರು ಸುಲಭ, ಅಗ್ಗ. ಆದರೆ ಅದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಚಳಿದೇಶಗಳಲ್ಲಿ ಹೆಪ್ಪುಗಟ್ಟುತ್ತದೆ, ನೂರು ಡಿಗ್ರಿಗೆ ಕುದಿಯುತ್ತದೆ. ಎಂಜಿನ್ನಿಗೆ ಹಾಕುವ ಖನಿಜ ತೈಲ ತುಕ್ಕು ಹಿಡಿಸದು. ಆದರೆ ಅದು ಸ್ವಾಭಾವಿಕ ರಬ್ಬರನ್ನು ಊದಿಸಿ ಮೆತ್ತಗಾಗಿಸುತ್ತದೆ. ರಬ್ಬರ್ ಬಟ್ಟಲು ಹಾಳಾದರೆ ಬ್ರೇಕು ಉಳಿಯುವುದಿಲ್ಲ.

ಆಗ ಸಹಾಯಕ್ಕೆ ಬಂದದ್ದು ನಮ್ಮ ಅಜ್ಜಿಯರು ತಲೆಗೆ ತಟ್ಟುತ್ತಿದ್ದ ಹರಳೆಣ್ಣೆ. ಅದು ಜಾರುಗುಣದಲ್ಲಿ ಉತ್ತಮ. ಸ್ವಾಭಾವಿಕ ರಬ್ಬರಿಗೆ ಹಾನಿ ಮಾಡದು. ತೀರ ಮಂದವಾದ್ದರಿಂದ ಅದಕ್ಕೆ ಮದ್ಯಸಾರ ಬೆರೆಸಿ ತೆಳುವಾಗಿಸುತ್ತಿದ್ದರು. ಸೋವಿಯತ್ ಒಕ್ಕೂಟದ ಕಾರುಗಳಲ್ಲಿ ಹರಳೆಣ್ಣೆ ಮತ್ತು ಬ್ಯುಟೈಲ್ ಮದ್ಯಸಾರವನ್ನು ಸಮಪಾಲು ಬೆರೆಸಿದ ಕೆಂಪು ದ್ರವ ಬಹುಕಾಲ ಬಳಕೆಯಲ್ಲಿತ್ತು. ‘ಬ್ರೇಕ್ ಆಯಿಲ್’ ಎಂಬ ಹೆಸರಿಗೆ ಆ ಕಾಲದಲ್ಲಿ ಅರ್ಥವಿತ್ತು.

ಹರಳೆಣ್ಣೆಯ ಮಿಶ್ರಣಕ್ಕಿದ್ದ ಕೊರತೆ ಶಾಖದ್ದು. ಬ್ಯುಟೈಲ್ ಮದ್ಯಸಾರ ಸುಮಾರು 118 ಡಿಗ್ರಿಗೆ ಕುದಿಯುತ್ತದೆ. ಕಾರುಗಳ ವೇಗ ಹೆಚ್ಚಿತು. 1953ರ ಲ ಮಾನ್ ಪಂದ್ಯದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ಮೇಲೆ ಅಂಥ ಬ್ರೇಕುಗಳು ರಸ್ತೆಯ ಕಾರುಗಳಿಗೂ ಇಳಿದವು. ಹೆಚ್ಚಿನ ಬಿಸಿ ತಡೆಯುವ ದ್ರವ ಬೇಕಾಯಿತು. ಹೀಗೆ ಬಂದವು ಗ್ಲೈಕಾಲ್ ಈಥರ್ ಎಂಬ ಕೃತಕ ರಾಸಾಯನಿಕಗಳಿಂದ ಮಾಡಿದ ದ್ರವಗಳು. ಎಣ್ಣೆ ಹೋಯಿತು, ಹೆಸರು ಉಳಿಯಿತು.

ಉಪ್ಪಿನ ಜಾಡಿಯ ಗುಣ

ಮಲೆನಾಡಿನ ಮಳೆಗಾಲ ಕಂಡವರಿಗೆ ಉಪ್ಪಿನ ಜಾಡಿ ಗೊತ್ತು. ಯಾರೂ ನೀರು ಹಾಕದಿದ್ದರೂ ಉಪ್ಪು ಒದ್ದೆಯಾಗುತ್ತದೆ. ಗಾಳಿಯ ತೇವವನ್ನು ಅದು ತಾನೇ ಎಳೆದುಕೊಳ್ಳುತ್ತದೆ. ಗ್ಲೈಕಾಲ್ ದ್ರವದ ಸ್ವಭಾವವೂ ಇದೇ. ಡಬ್ಬಿಯ ಮುಚ್ಚಳದ ಉಸಿರುರಂಧ್ರದಿಂದ, ಚಕ್ರಕ್ಕೆ ಹೋಗುವ ರಬ್ಬರ್ ಕೊಳವೆಗಳ ಗೋಡೆಯ ಮೂಲಕವೂ ತೇವ ಒಳಗೆ ಸೇರುತ್ತದೆ. ಕಾರು ಓಡಿದರೂ ಸೇರುತ್ತದೆ, ಶೆಡ್ಡಿನಲ್ಲಿ ನಿಂತಿದ್ದರೂ ಸೇರುತ್ತದೆ.

ಬೆರೆತ ನೀರು ಕಣ್ಣಿಗೆ ಕಾಣದು. ಆದರೆ ಅದು ದ್ರವದ ಕುದಿಯುವ ಬಿಂದುವನ್ನು ಇಳಿಸುತ್ತದೆ. ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಎಂದು ಬರೆದಿರುವುದನ್ನು ನೋಡಿರಬಹುದು. ಡಾಟ್ ಎನ್ನುವುದು ಅಮೆರಿಕದ ಸಾರಿಗೆ ಇಲಾಖೆಯ ಹೆಸರಿನ ಮೊದಲಕ್ಷರಗಳು. ಅಂಕೆ ಅದು ವಿಧಿಸಿದ ಗುಣಮಟ್ಟ. ಡಾಟ್ 3 ದ್ರವ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ ಶೇ 3.7ರಷ್ಟು ನೀರು ಸೇರಿದಾಗ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಹೊಸದಕ್ಕೆ 230, ನೀರು ಸೇರಿದ್ದಕ್ಕೆ 155. ನೂರು ಚಮಚ ದ್ರವಕ್ಕೆ ನಾಲ್ಕು ಚಮಚಕ್ಕಿಂತಲೂ ಕಡಿಮೆ ನೀರು ಬೆರೆತರೆ ಸಾಕು, ಅರುವತ್ತು ಎಪ್ಪತ್ತು ಡಿಗ್ರಿಗಳ ರಕ್ಷಣೆ ಹೋಯಿತು.

ಇಂಥ ನೀರುಬಾಕ ದ್ರವವನ್ನು ಏಕೆ ಬಳಸಬೇಕು, ನೀರನ್ನು ಹತ್ತಿರ ಬಿಡದ ದ್ರವ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಸಿಲಿಕೋನಿನಿಂದ ಮಾಡಿದ, ನೇರಳೆ ಬಣ್ಣದ ಡಾಟ್ 5 ದ್ರವ ನೀರು ಕುಡಿಯುವುದಿಲ್ಲ. ಆದರೆ ಒಳಗೆ ಬಂದ ನೀರು ಎಲ್ಲಿಗೆ ಹೋಗಬೇಕು? ಅದು ಹನಿಹನಿಯಾಗಿ ಅತಿ ತಗ್ಗಿನ ಜಾಗಕ್ಕೆ, ಅಂದರೆ ಅತಿ ಬಿಸಿಯಾಗುವ ಚಕ್ರದ ಸಿಲಿಂಡರಿಗೆ ಇಳಿದು ನಿಲ್ಲುತ್ತದೆ. ಅಲ್ಲಿ ತುಕ್ಕು ಹಿಡಿಸುತ್ತದೆ, ಬಿಸಿಯಾದಾಗ ಬಹುಬೇಗ ಕುದಿಯುತ್ತದೆ. ಗ್ಲೈಕಾಲ್ ದ್ರವ ನೀರನ್ನು ಹೀಗೆ ಒಂದೆಡೆ ನಿಲ್ಲಲು ಬಿಡದೆ ತನ್ನ ಮೈಯಲ್ಲೆಲ್ಲ ಹಂಚಿಕೊಳ್ಳುತ್ತದೆ. ನೀರು ಕುಡಿಯುವುದು ಅದರ ದೋಷ ಮಾತ್ರವಲ್ಲ, ಅದು ಮಾಡುವ ಸೇವೆಯೂ ಹೌದು. ಆ ಸೇವೆಗೆ ಒಂದು ಅವಧಿ ಇದೆ ಎಂಬುದನ್ನು ನಾವು ಮರೆಯುತ್ತೇವೆ.

ಘಟ್ಟದಲ್ಲಿ ಆಗುವುದೇನು?

ಈಗ ಚಾರ್ಮಾಡಿಗೆ ಹಿಂತಿರುಗೋಣ. ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಕಾರು 800 ಮೀಟರಿನಷ್ಟು ಇಳಿಯಿತೆಂದುಕೊಳ್ಳಿ. ಆ ಇಳಿಜಾರಿನಲ್ಲಿ ಬಿಡುಗಡೆಯಾಗುವ ಶಕ್ತಿ, 40 ಲೀಟರ್ ತಣ್ಣೀರನ್ನು ಕುದಿಸಲು ಬೇಕಾಗುವ ಶಾಖಕ್ಕೆ ಸಮ. ಬಚ್ಚಲಿನ ಒಂದು ಹಂಡೆ ನೀರು! ಚಾಲಕ ಕಡಿಮೆ ಗೇರಿನಲ್ಲಿ ಇಳಿದರೆ ಇದರ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಪೆಟ್ರೋಲ್ ಉಳಿಸಲು ಗೇರ್ ತೆಗೆದು ‘ನ್ಯೂಟ್ರಲ್’ನಲ್ಲಿ ಬಿಟ್ಟರೆ ಬಹುತೇಕ ಅಷ್ಟೂ ಶಾಖ ಬ್ರೇಕಿನ ಪಾಲು. ಡ್ರಮ್ಮು, ಡಿಸ್ಕುಗಳು ಸುಡುತ್ತವೆ; ಆ ಬಿಸಿ ನಿಧಾನವಾಗಿ ಸಿಲಿಂಡರಿನ ದ್ರವಕ್ಕೆ ಇಳಿಯುತ್ತದೆ.

ಕಾರು ಓಡುತ್ತಿರುವಾಗ ಚಕ್ರಗಳಿಗೆ ಗಾಳಿ ಬಡಿದು ಬಿಸಿ ತುಸು ಕಡಿಮೆಯಾಗುತ್ತದೆ. ಕಾರು ನಿಂತಾಗ ಆ ಗಾಳಿ ಇಲ್ಲ. ಕೆಂಡದಂತಿರುವ ಡ್ರಮ್ಮಿನ ಬಿಸಿ ಮುಂದಿನ ಕೆಲವು ನಿಮಿಷ ದ್ರವಕ್ಕೆ ಹರಿಯುತ್ತಲೇ ಇರುತ್ತದೆ. ಪೆಡಲಿನಿಂದ ಕಾಲು ತೆಗೆದಿರುವುದರಿಂದ ಒತ್ತಡವೂ ಇರುವುದಿಲ್ಲ. ಒತ್ತಡ ಕಡಿಮೆಯಾದರೆ ಕುದಿಯುವುದು ಸುಲಭ. ಹಳೆಯ ದ್ರವದೊಳಗಿನ ನೀರು ಆವಿಯಾಗುತ್ತದೆ. ಒಂದು ಹನಿ ನೀರು ಸಾಮಾನ್ಯ ಒತ್ತಡದಲ್ಲಿ ಆವಿಯಾದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಮುಂದಿನ ಸಲ ಪೆಡಲ್ ಒತ್ತಿದಾಗ ಕಾಲಿನ ಬಲವೆಲ್ಲ ಆ ಆವಿಯ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಸಿರಿಂಜಿನೊಳಗಿನ ಗಾಳಿಗುಳ್ಳೆಯ ಕಥೆಯೇ ಇದು. ಪೆಡಲ್ ನೆಲ ಮುಟ್ಟುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ.

ಜಲಪಾತ ನೋಡಲು ನಾವು ನಿಂತ ಐದು ನಿಮಿಷಕ್ಕೆ ಈಗ ಅರ್ಥ ಬಂತಲ್ಲವೆ? ಒಂದು ಗಂಟೆಯ ನಂತರ ಬ್ರೇಕು ಮರಳಿದ್ದಕ್ಕೂ ಇದೇ ಕಾರಣ. ದ್ರವ ತಣಿಯಿತು, ಆವಿ ಮತ್ತೆ ನೀರಾಗಿ ದ್ರವದಲ್ಲಿ ಕರಗಿತು. ಗ್ಯಾರೇಜಿಗೆ ಬರುವ ಹೊತ್ತಿಗೆ ಅಪರಾಧಿ ತನ್ನ ಗುರುತನ್ನೆಲ್ಲ ಅಳಿಸಿಕೊಂಡಿದ್ದ. ಲೈನಿಂಗನ್ನೂ ಸೋರಿಕೆಯನ್ನೂ ನೋಡಿದವರು ದ್ರವದಲ್ಲಿ ಎಷ್ಟು ನೀರಿದೆ ಎಂದು ನೋಡಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಘಾಟಿಯಲ್ಲಿ ‘ಫುಸ್’ ಎಂದು ಸದ್ದು ಮಾಡುವ ದೊಡ್ಡ ಬಸ್ಸು, ಲಾರಿಗಳ ಬ್ರೇಕು ಒತ್ತಿಟ್ಟ ಗಾಳಿಯಿಂದ ನಡೆಯುತ್ತದೆ. ಅವುಗಳಿಗೂ ಬಿಸಿಯ ಅಪಾಯವಿದೆ, ಆದರೆ ಅದು ಬೇರೆ ಬಗೆಯದು. ದ್ರವದ ಈ ಕಥೆ ಕಾರು, ಜೀಪು, ಸಣ್ಣ ವ್ಯಾನು ಮತ್ತು ಡಿಸ್ಕ್ ಬ್ರೇಕಿನ ಮೋಟಾರುಬೈಕುಗಳಿಗೆ ಸೇರಿದ್ದು.

ಮಾಡಬೇಕಾದ್ದು, ಮಾಡಬಾರದ್ದು

ಎಂಜಿನ್ ಆಯಿಲ್ ಸದಾ ಸುತ್ತುತ್ತಿರುತ್ತದೆ. ಬ್ರೇಕ್ ದ್ರವ ಹಾಗಲ್ಲ; ಚಕ್ರದ ಬಳಿ ಇರುವುದು ವರ್ಷಗಟ್ಟಲೆ ಬಹುಮಟ್ಟಿಗೆ ಅಲ್ಲೇ ಇರುತ್ತದೆ. ಆದ್ದರಿಂದ ಮೇಲಿನ ಡಬ್ಬಿಗೆ ಅಷ್ಟಿಷ್ಟು ಹೊಸದನ್ನು ಸುರಿದರೆ ಕೆಳಗಿನ ಹಳೆಯದು ಹೊಸದಾಗದು. ಎರಡು ವರ್ಷಕ್ಕೊಮ್ಮೆ, ಅಥವಾ ಕಾರಿನ ಕೈಪಿಡಿ ಹೇಳಿದ ಅವಧಿಗೆ, ಪೂರ್ತಿ ದ್ರವವನ್ನು ಬದಲಿಸಬೇಕು. ಒಬ್ಬರು ಪೆಡಲ್ ಒತ್ತುತ್ತ, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಸಡಿಲಿಸಿ ಹಳೆಯದನ್ನು ಹೊರಬಿಡುವುದು ರೂಢಿ. ಗ್ಯಾರೇಜಿನವರು ‘ಏರ್ ತೆಗೆಯುವುದು’ ಎನ್ನುವ ಕೆಲಸವೂ ಹೀಗೆಯೇ ನಡೆಯುತ್ತದೆ. ಕೆಲಸದ ನಡುವೆ ಡಬ್ಬಿ ಬರಿದಾಗಬಾರದು; ಬರಿದಾದರೆ ಗಾಳಿ ಒಳಗೆ ಹೋಗುತ್ತದೆ. ಚಕ್ರ ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಇರುವ ಕಾರುಗಳನ್ನು ತಿಳಿದವರ ಕೈಗೇ ಕೊಡುವುದು ಲೇಸು.

ಬಣ್ಣ ನೋಡಿ ನಂಬಬೇಡಿ. ಹೊಸ ದ್ರವ ತಿಳಿಜೇನಿನ ಬಣ್ಣದ್ದು, ಕಪ್ಪಾಗಿದ್ದರೆ ಬದಲಿಸಲೇಬೇಕು. ಆದರೆ ತಿಳಿಯಾಗಿ ಕಾಣುವುದರಲ್ಲೂ ನೀರು ಇರಬಹುದು. ಪೆನ್ನಿನಂಥ ಸಾಧನವನ್ನು ಅದ್ದಿ ತೇವ ನೋಡುವ ಪದ್ಧತಿಯಿದೆ. ಅದರ ಉತ್ತರ ಅಂದಾಜಿನದು. ಅವಧಿಗೆ ಸರಿಯಾಗಿ ಬದಲಿಸುವುದೇ ಭದ್ರ.

ಡಬ್ಬಿಯಲ್ಲಿ ಮಟ್ಟ ನಿಧಾನವಾಗಿ ಇಳಿದರೆ ಪ್ಯಾಡುಗಳು ಸವೆಯುತ್ತಿವೆ ಎಂದರ್ಥ. ಥಟ್ಟನೆ ಇಳಿದರೆ ಎಲ್ಲೋ ಸೋರುತ್ತಿದೆ. ಎರಡೂ ಸಂದರ್ಭದಲ್ಲಿ ಸುಮ್ಮನೆ ತುಂಬಿಸಿ ಮುಂದೆ ಹೋಗುವುದು, ಸೂರು ಸೋರುವಲ್ಲಿ ಪಾತ್ರೆ ಇಟ್ಟು ಮಲಗಿದ ಹಾಗೆ. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಬ್ರೇಕಿನ ಕೆಂಪು ದೀಪ ಉರಿಯುತ್ತಿದ್ದರೆ ಮೊದಲು ಈ ಡಬ್ಬಿಯನ್ನು ನೋಡಿ.

ಬೇಕಾದಷ್ಟೇ ಸಣ್ಣ ಡಬ್ಬಿ ಕೊಂಡು, ಸೀಲನ್ನು ಎದುರಿಗೇ ಒಡೆಸಿ. ಒಡೆದು ತಿಂಗಳುಗಟ್ಟಲೆ ಇಟ್ಟ ಡಬ್ಬಿಯ ದ್ರವ ಆಗಲೇ ನೀರು ಕುಡಿದಿರುತ್ತದೆ. ಡಾಟ್ 3 ಮತ್ತು ಡಾಟ್ 4 ಒಂದೇ ಕುಲದವು, ಬೆರೆತರೆ ಕೆಡುಕಿಲ್ಲ. ಸಿಲಿಕೋನಿನ ಡಾಟ್ 5 ಇವುಗಳ ಜತೆ ಸೇರಬಾರದು. ಡಾಟ್ 5.1 ಎಂಬುದು ಹೆಸರಿನಲ್ಲಿ ಅದರ ನೆಂಟನಂತೆ ಕಂಡರೂ ಗ್ಲೈಕಾಲ್ ಕುಲದ್ದು. ನಿಮ್ಮ ಕಾರಿಗೆ ಯಾವುದೆಂದು ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಹೆಸರಿನಿಂದಲೇ ಹುಟ್ಟುವುದು. ‘ಆಯಿಲ್ ತಾನೇ’ ಎಂದು ಎಂಜಿನ್ ಆಯಿಲನ್ನೋ ಸ್ಟಿಯರಿಂಗ್ ಆಯಿಲನ್ನೋ ಬ್ರೇಕಿನ ಡಬ್ಬಿಗೆ ಸುರಿದರೆ ಒಳಗಿನ ರಬ್ಬರೆಲ್ಲ ಊದಿಕೊಳ್ಳುತ್ತದೆ. ಆಮೇಲೆ ತೊಳೆದು ಬಿಟ್ಟರೆ ಸಾಲದು, ಎಣ್ಣೆ ತಾಗಿದ ರಬ್ಬರ್ ಭಾಗಗಳನ್ನೆಲ್ಲ ಬದಲಿಸಬೇಕು. ಬ್ರೇಕ್ ದ್ರವ ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಎದ್ದುಬರುತ್ತದೆ. ಕೂಡಲೇ ನೀರಿನಿಂದ ತೊಳೆಯಿರಿ. ಅದು ವಿಷವೂ ಹೌದು. ಮಕ್ಕಳ ಕೈಗೆ, ನಾಯಿ ಬೆಕ್ಕುಗಳ ಬಾಯಿಗೆ ಸಿಗದಂತೆ ಇಡಬೇಕು.

ಇಷ್ಟಾದರೂ ಘಟ್ಟದಲ್ಲಿ ಪೆಡಲ್ ಕುಸಿದರೆ? ಒಂದರ ಮೇಲೊಂದರಂತೆ ಬೇಗ ಬೇಗ ಒತ್ತಿ, ಗೇರ್ ಇಳಿಸುತ್ತ ಹೋಗಿ, ಹ್ಯಾಂಡ್‌ಬ್ರೇಕನ್ನು ಹಂತಹಂತವಾಗಿ ಎಳೆಯಿರಿ. ಅನೇಕ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಇಂದಿಗೂ ಉಕ್ಕಿನ ತಂತಿಯದು; ಆವಿ ಅದನ್ನು ಮುಟ್ಟಲಾರದು. ದ್ರವ ತಣಿದು ಬ್ರೇಕು ಮರಳಿದರೂ ಅದನ್ನು ನಂಬಿ ದೂರ ಹೋಗಬೇಡಿ; ದ್ರವ ಬದಲಿಸಿಯೇ ಮುಂದಿನ ಪ್ರಯಾಣ. ಘಾಟಿಯ ನಡುವೆ ನಿಂತು ಮತ್ತೆ ಹೊರಡುವಾಗ, ಚಕ್ರ ಉರುಳುವ ಮೊದಲೇ ಒಮ್ಮೆ ಪೆಡಲ್ ಒತ್ತಿ ನೋಡುವ ಅಭ್ಯಾಸ ಜೀವ ಉಳಿಸಬಲ್ಲದು.

ಈಗ ವಿದ್ಯುತ್ ಕಾರುಗಳು ಬಂದಿವೆ. ಅವುಗಳಲ್ಲಿ ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ಮೋಟಾರೇ ಮಾಡಿ ಬ್ಯಾಟರಿಗೆ ಶಕ್ತಿ ಮರಳಿಸುತ್ತದೆ. ಪ್ಯಾಡುಗಳು ಬಹುಕಾಲ ಬಾಳುತ್ತವೆ. ಆದರೆ ಅವುಗಳಲ್ಲೂ ಸಾಮಾನ್ಯವಾಗಿ ಇದೇ ದ್ರವ ಇರುತ್ತದೆ. ಬ್ರೇಕು ಒತ್ತದಿದ್ದರೂ ಅದು ಸದ್ದಿಲ್ಲದೆ ನೀರು ಕುಡಿಯುತ್ತಿರುತ್ತದೆ.

ಪ್ರತಿವರ್ಷ ಆಯುಧಪೂಜೆಗೆ ನಾವು ವಾಹನ ತೊಳೆಯುತ್ತೇವೆ, ಕುಂಕುಮ ಹಚ್ಚುತ್ತೇವೆ, ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಒಂದು ವರ್ಷ ಬಿಟ್ಟು ಒಂದು ವರ್ಷ, ಹಬ್ಬದ ಹಿಂದಿನ ವಾರ ಗ್ಯಾರೇಜಿಗೆ ಹೋಗಿ ಬ್ರೇಕ್ ದ್ರವವನ್ನೂ ಬದಲಿಸಿಬಿಟ್ಟರೆ ಲೆಕ್ಕ ಮರೆಯುವುದಿಲ್ಲ. ಸಾಮಾನ್ಯ ಕಾರಿಗೆ ಒಂದು ಲೀಟರ್ ದ್ರವ ಸಾಕು. ಅಂಬಾಸಿಡರಿನ ಆ ಚಾಲಕ ತನ್ನ ಕೈಗೆ ಸಿಕ್ಕ ಗೇರು, ಹ್ಯಾಂಡ್‌ಬ್ರೇಕು, ಗುಡ್ಡದ ಚರಂಡಿ ಮೂರನ್ನೂ ಬಳಸಿ ಐದು ಜೀವ ಉಳಿಸಿದ. ಅವನ ಮಾತು ನಿಜವೆಂದು ಹೇಳಬಲ್ಲ ಸಾಕ್ಷಿ ಆ ಕಾರಿನೊಳಗೇ ಇತ್ತು. ಕೇಳುವವರಿಗೆ ಅದು ಬರೀ ‘ಆಯಿಲ್’ ಆಗಿತ್ತು.